ಲಿಂಗಕ್ಕೆ ತೋರಿಸಿದ ಗುಳಿಗೆ

ಮೊನ್ನೆ ಇಂಡಿಯಲ್ಲಿರುವ ಮಗಳ ಮನೆಯಿಂದ ತವರಿಗೆ ಹೊರಟಿದ್ದೆ. ಬಸ್ಸು ಊರು ದಾಟಿ ಸ್ವಲ್ಪ ಹೊತ್ತಾಗಿತ್ತು. ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಸೀತನಿ ಸುಡುತ್ತಿದ್ದರು. ಇನ್ನೂ ಹಾಲು ಆರದ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ತಿಕ್ಕಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುವ ದಿನಗಳು ಇವು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನಗೆ ಅತ್ತೆಯ ನೆನಪಾಯಿತು. ಪಕ್ಕದಲ್ಲಿ ಕೂತ ಹೆಣ್ಣುಮಗಳು "ಯಾಕ್ರಿ ಅಕ್ಕಾರ, ಕಣ್ಣಾಗ ಕಸಾ ಬಿತ್ತೇನ್ರಿ?" ಎಂದು ಕೇಳಿದಳು. ಹೌದೆಂದೆ.

ಮಗಳನ್ನು ಇಂಡಿಗೆ ಕೊಟ್ಟಿದ್ದೇವೆ. ತಂಗಿ ಮುದ್ದೇಬಿಹಾಳದಲ್ಲಿದ್ದಾಳೆ. ತವರು ಬಸವನ ಬಾಗೇವಾಡಿ. ಗಂಡನ ಮನೆ ಸಿಂದಗಿ ಆಚೆ, ಆಲಮೇಲಕ್ಕೆ ಹತ್ತಿರದ ಹಳ್ಳಿ. ನನ್ನ ತಿರುಗಾಟವೆಲ್ಲ ಈ ನಾಲ್ಕು ಊರುಗಳ ನಡುವೆಯೇ ಮುಗಿದಿದೆ. ಒಂದು ಹಿಂಗಾರಿಯಲ್ಲಿ ಮಾತ್ರ ನಾನು ಎಲ್ಲಿಗೂ ಹೋಗಲಿಲ್ಲ. ಆ ವರ್ಷ ಅತ್ತೆಯ ಹಾಸಿಗೆಯ ಪಕ್ಕವೇ ನನ್ನ ಊರಾಗಿತ್ತು.

ದಸರೆಯ ಹೊತ್ತಿಗೆ ಅವರ ಕುಪ್ಪಸ ಒಗೆಯುವಾಗ ಕಲೆ ಕಂಡಿತು. ಕೇಳಿದರೆ "ಎಣ್ಣಿ ಇರಬೇಕು" ಎಂದರು. ಎರಡನೆಯ ಸಲ ಕಂಡಾಗ ನಾನು ಸುಮ್ಮನಿರಲಿಲ್ಲ, ಬಾಗಿಲು ಹಾಕಿ ಸೆರಗು ಸರಿಸಿ ನೋಡಿದೆ. ಎಡ ಎದೆಯ ಗಡ್ಡೆ ಒಡೆದು ಹುಣ್ಣಾಗಿತ್ತು. ಎಷ್ಟು ತಿಂಗಳು ಮುಚ್ಚಿಟ್ಟುಕೊಂಡಿದ್ದರೋ ಶಿವನಿಗೇ ಗೊತ್ತು. "ಗಂಡಮಕ್ಕಳ ಮುಂದ ಎದಿ ಮಾತು ಹೆಂಗ ಆಡ್ಲಿ, ತಂಗಿ?" ಎಂದರು. ಶಹರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಎಲ್ಲ ತಪಾಸಣೆ ಮಾಡಿ, ನಮ್ಮ ಮನೆಯವರನ್ನು ಹೊರಗೆ ಕರೆದು, "ಭಾಳ ತಡಾ ಆಗೇತಿ. ಮನೀಗೆ ಕರಕೊಂಡು ಹೋಗ್ರಿ. ಕೇಳಿದ್ದು ಮಾಡಿ ಹಾಕ್ರಿ" ಎಂದರು. ಬರುವಾಗ ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತ, ಯಾರ ಹೊಲದಲ್ಲಿ ಜೋಳ ಚೆನ್ನಾಗಿ ಎದ್ದಿದೆ, ಯಾರದು ಎದ್ದಿಲ್ಲ ಎಂದು ಹೇಳುತ್ತ ಬಂದರು.

ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಅತ್ತೆ ಒಂದು ಹನಿ ನೀರನ್ನೂ ಬಾಯಿಗೆ ಹಾಕಿದವರಲ್ಲ. ನಸುಕಿನಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತರೆ ಹಾಲು ಉಕ್ಕಿದರೂ ಕಣ್ಣೆತ್ತುತ್ತಿರಲಿಲ್ಲ. ಈಗ ಆ ಎಡಗೈಯೇ ಬಾತುಕೊಂಡಿತ್ತು. ಮೊಣಕೈಯ ಕೆಳಗೆ ನಾನು ಕೈಕೊಟ್ಟು ಹಿಡಿಯಬೇಕು, ಆಗಲೂ ಅಂಗೈ ನಡುಗುತ್ತಿತ್ತು. ನೋವು ಹೆಚ್ಚಿದ ದಿನ ಎದ್ದು ಕೂರಲೂ ಆಗುತ್ತಿರಲಿಲ್ಲ. ಕೂರಲಿಲ್ಲವೆಂದರೆ ಪೂಜೆಯಿಲ್ಲ, ಪೂಜೆಯಿಲ್ಲವೆಂದರೆ ನೀರಿಲ್ಲ. ಸೂರ್ಯ ನೆತ್ತಿಗೆ ಬಂದರೂ ಒಣಗಿದ ತುಟಿಯಲ್ಲೇ ಮಲಗಿರುತ್ತಿದ್ದರು.

"ಸಾಯೂದು ಇರಲಿ, ಅದು ಬಂದಾಗ ಬರತೈತಿ," ಎಂದು ಒಂದು ದಿನ ನನ್ನ ಕೈ ಹಿಡಿದು ಹೇಳಿದರು. "ಕೂತು ನನ್ನ ಕೈಲೇ ಪೂಜಾ ಮಾಡೂವಂಗ ಆದ್ರ ಸಾಕು ನೋಡವ್ವ ಸುವರ್ಣಾ. ಒಂದ ದಿನಾ ಆದ್ರೂ."

ಅಲ್ಲಿಂದ ನನಗೆ ಅದೊಂದೇ ಬೇಡಿಕೆ. ಆಯುಷ್ಯ ಕೇಳಲಿಲ್ಲ. ಕೇಳಿದರೆ ಶಿವ ಕೊಡುವಂಥದ್ದನ್ನು ಕೇಳಬೇಕು.

ಸಿಂದಗಿಯ ಆಸ್ಪತ್ರೆಯಲ್ಲಿ ವಾಸಿಯಾಗದ ರೋಗಿಗಳ ನೋವಿಗೆಂದು ಒಂದು ಕೋಣೆ ಮಾಡಿದ್ದಾರೆ ಎಂದು ಔಷಧಿ ಅಂಗಡಿಯವರು ಹೇಳಿದರು. ನಮ್ಮ ಮನೆಯವರು ಹೋಗಿ ನೋಡಿ ಬಂದರು. ಹಿಂದುಗಡೆ, ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಕೋಣೆ. ಒಬ್ಬರು ಡಾಕ್ಟರು, ಒಬ್ಬರು ನರ್ಸು, ಬೀಗ ಹಾಕಿದ ಒಂದು ಕಪಾಟು. ಇರುವುದು ಒಂದೇ ಜೀಪು, ಅದೂ ಲಸಿಕೆಯವರದ್ದು. ಅವರಿಗೆ ಬೇಡವಾದ ದಿನ ಇವರಿಗೆ. ಒಂದು ದಿನ ಇಂಡಿ ಕಡೆ, ಒಂದು ದಿನ ಮುದ್ದೇಬಿಹಾಳ, ಒಂದು ದಿನ ಬಾಗೇವಾಡಿ, ನಮಗೊಂದು ದಿನ. ಮನೆಗೇ ಬಂದು ನೋಡುತ್ತಾರಂತೆ ಎಂದಾಗ ಅತ್ತೆಗೆ ನಗು ಬಂತು. "ಸಾಯೂ ಮುದುಕಿ ಮನೀಗೆ ಡಾಕ್ಟ್ರು ಜೀಪ ತಗೊಂಡು ಬರ್ತಾರ? ನಿನಗ ಯಾರೋ ಚಾಷ್ಟಿ ಮಾಡ್ಯಾರ, ಮಗನ."

ದೀಪಾವಳಿ ಮುಗಿದ ವಾರ ಜೀಪು ನಿಜವಾಗಿಯೂ ಬಂತು. ಇಳಿದವಳು ರೇಣುಕಾ ಸಿಸ್ಟರ್, ತಾಳಿಕೋಟೆ ಕಡೆಯವಳು. ಗಟ್ಟಿ ಧ್ವನಿ, ಮೆತ್ತನೆಯ ಕೈ. ಅಡುಗೆಮನೆಗೆ ನೇರ ಬಂದು "ಅಕ್ಕಾರ, ಕುಕ್ಕರ ಐತಿಲ್ರಿ? ಹಳೇ ಧೋತರ ಅದಾವಿಲ್ರಿ?" ಎಂದು ಕೇಳಿದಳು. ಧೋತರವನ್ನು ಚೌಕ ಚೌಕ ಕತ್ತರಿಸಿ, ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಹಬೆ ಕೊಟ್ಟು, ಹುಣ್ಣಿಗೆ ಕಟ್ಟುವ ಬಟ್ಟೆ ಮನೆಯಲ್ಲೇ ಹೇಗೆ ಮಾಡಿಕೊಳ್ಳುವುದೆಂದು ತೋರಿಸಿದಳು. ಉಪ್ಪುನೀರು ಕುದಿಸಿ ಆರಿಸಿ ತೊಳೆಯುವುದು ಹೇಗೆ, ಒಂದು ಗುಳಿಗೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುವುದು ಹೇಗೆ, ಎಲ್ಲ ಹೇಳಿಕೊಟ್ಟಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಊದಿನಕಡ್ಡಿ ಹಚ್ಚಿದರೂ ಮುಚ್ಚದ ಒಂದು ವಾಸನೆ ಇತ್ತು. ಬಂದವರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಪುಡಿ ಹಾಕಲು ತೊಡಗಿ ಒಂದು ತಿಂಗಳಾಗಿರಬಹುದು, ಅತ್ತೆ ಮೂಗು ಅರಳಿಸಿ "ಯಾರೋ ಸೀತನಿ ಸುಡಾಕತ್ತಾರ" ಎಂದರು. ನನಗೂ ಬಂತು ವಾಸನೆ. ಬೇರೆಯವರ ಹೊಲದ್ದು, ನಮ್ಮ ನಡುಮನೆಯವರೆಗೆ ಬಂದಿತ್ತು. ಶಿವ ಮಾಡಿದ ಉಪಕಾರಗಳಲ್ಲಿ ನಾನು ಮೊದಲು ಎಣಿಸುವುದು ಅದನ್ನೇ.

ಇನ್ನೊಂದು ತೊಡಕಿತ್ತು. ಬೆಳ್ಳಿಯ ಕರಡಿಗೆ, ಅಂದರೆ ಲಿಂಗವಿಡುವ ಪುಟ್ಟ ಭರಣಿ, ಕೊರಳಿನಿಂದ ಇಳಿಬಿದ್ದು ಸರಿಯಾಗಿ ಹುಣ್ಣಿನ ಮೇಲೆಯೇ ಕೂರುತ್ತಿತ್ತು. ತೆಗೆದಿಡೋಣವೇ ಎಂದು ಯಾರು ಕೇಳಬೇಕು? ರೇಣುಕಾ ಬಾಯಿ ತೆರೆಯುವ ಮೊದಲೇ ಅತ್ತೆ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡರು. "ಇದನ್ನ ತೆಗೀಬೇಕಂದ್ರ ಮೊದಲ ಜೀವಾ ತೆಗೀರಿ."

"ಯಾರ ತೆಗೀತಾರ್ರಿ ಆಯಿ?" ಎಂದಳು ರೇಣುಕಾ. "ದಾರಾ ಗಿಡ್ಡ ಮಾಡೂಣು. ಗಂಟಲ ಕೆಳಗ ಬಂದು ಕೂಡತೈತಿ. ಇನ್ನೂ ಹತ್ತರ ಆತು ನೋಡ್ರಿ."

ಶಿವದಾರ ಗಿಡ್ಡವಾಯಿತು. ಅಂದಿನಿಂದ ಅತ್ತೆಗೆ ಆಕೆಯ ಮೇಲೆ ನಂಬಿಕೆ ಕೂತಿತು. ಒಂದು ವಿಷಯ ಬಿಟ್ಟು.

ಅದು ನೋವಿನ ಗುಳಿಗೆ. ಡಾಕ್ಟರು ಬಂದು ನೋಡಿ, ಆಸ್ಪತ್ರೆಯ ಬೀಗದ ಕಪಾಟಿನಲ್ಲಿಡುವ ಗುಳಿಗೆಯನ್ನೇ ಬರೆದುಕೊಟ್ಟರು. ನಾಲ್ಕು ತಾಸಿಗೊಮ್ಮೆ. ಜೊತೆಗೆ ಹೊಟ್ಟೆ ಕಟ್ಟದಂತೆ ಒಂದು ಔಷಧಿ. ಅತ್ತೆ ಎಲ್ಲ ಕೇಳಿಸಿಕೊಂಡು, "ಇದು ಅಫೀಮಿನಿಂದ ಮಾಡಿದ್ದು ಹೌದಲ್ಲೋ?" ಎಂದರು. ಡಾಕ್ಟರು ಸುಳ್ಳು ಹೇಳಲಿಲ್ಲ. "ಹೌದ್ರಿ ಆಯಿ, ಆ ಜಾತಿದ್ದಽ. ಆದ್ರ ಔಷಧದ ಅಳತಿಯೊಳಗ."

"ಹಂಗಾದ್ರ ಬ್ಯಾಡ. ಲಿಂಗ ಕಟ್ಟಿದ ಮೈಯಾಗ ನಿಶೆ ಹೋಗಬಾರದು."

ಊರಿನಲ್ಲಿ ಇನ್ನೊಂದು ಮಾತೂ ಹಬ್ಬಿತ್ತು. ಆ ಗುಳಿಗೆ ಕೊಟ್ಟರೆ ಮನುಷ್ಯ ಎದ್ದೇಳುವುದಿಲ್ಲ, ಬೇಗ ಕಳಿಸಲೆಂದೇ ಅದನ್ನು ಕೊಡುತ್ತಾರೆ ಎಂದು. ನಮ್ಮ ಮನೆಯವರ ಮನಸ್ಸಿನಲ್ಲೂ ಅದೇ ಇತ್ತು, ಹಾಗಾಗಿ ತಾಯಿಗೆ ಜೋರು ಮಾಡಲಿಲ್ಲ. ನಾನು ಬೇಡಿಕೊಂಡೆ, ಆಗಲಿಲ್ಲ. ಕೊನೆಗೆ ರೇಣುಕಾ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಕೇಳಿದಳು: "ಆಯಿ, ಇವತ್ತ ಮುಂಜಾನೆ ಪೂಜಾ ಆತ್ರಿ?"

"ಇಲ್ಲವ್ವ."

"ಯಾಕ್ರಿ?"

"ಬ್ಯಾನಿ. ಏಳಾಕಽ ಆಗಲಿಲ್ಲ. ಕಣ್ಣ ಮುಚ್ಚಿದ್ರ ಬ್ಯಾನಿ ಬಿಟ್ಟು ಮತ್ತೇನೂ ಕಾಣವಲ್ದು."

"ಮತ್ತ ಅದೂ ಒಂದು ನಿಶೇನಽ ಅಲ್ಲೇನ್ರಿ? ಶಿವನ್ನ ಮರಸೂ ಅಂಥಾದ್ದು."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಸಿಟ್ಟಾದರೆಂದುಕೊಂಡೆ.

ಮರುದಿನ ನಸುಕಿನಲ್ಲಿ ಕರೆದರು. ಮತ್ತೆ ಏಳಲು ಆಗಿರಲಿಲ್ಲ. ಗುಳಿಗೆ ತಗೊಂಡರೆ ಪೂಜೆಗೆ ಕೂರಬಹುದು, ಪೂಜೆಯಾಗದೆ ಗುಳಿಗೆ ಬಾಯಿಗೆ ಹೋಗುವಂತಿಲ್ಲ. ಈ ಗಂಟನ್ನು ಅವರು ರಾತ್ರಿಯೆಲ್ಲ ಬಿಚ್ಚುತ್ತ ಮಲಗಿದ್ದರೆಂದು ಕಾಣುತ್ತದೆ. "ಕರಡಿಗಿ ತೆಗಿ," ಎಂದರು. "ಆ ಗುಳಗಿ ಮೊದಲ ಲಿಂಗಕ್ಕ ತೋರಸು. ಅವನಿಗೆ ಮುಟ್ಟಿದ ಮ್ಯಾಲ ಅದು ಔಷಧನೂ ಅಲ್ಲ, ಅಫೀಮೂ ಅಲ್ಲ. ಪ್ರಸಾದ. ಪ್ರಸಾದ ಬ್ಯಾಡ ಅನ್ನಾಕ ನಾ ಯಾವಾಕಿ?"

ನಾನು ಒದ್ದೆ ಬಟ್ಟೆಯಿಂದ ಅವರ ಮುಖ, ಕೈ ಒರೆಸಿ, ಹಣೆಗೆ ವಿಭೂತಿ ಹಚ್ಚಿದೆ. ಲಿಂಗಕ್ಕೆ ನೀರೆರೆದು, ಗುಳಿಗೆ ತೋರಿಸಿ, ಅದೇ ನೀರಿನಲ್ಲಿ ನುಂಗಿಸಿದೆ. ಒಲೆ ಹೊತ್ತಿಸಿ, ಹಿಟ್ಟು ನಾದಿ, ನಾಲ್ಕು ರೊಟ್ಟಿ ಬಡಿದಿರಬೇಕು, ಒಳಗಿನಿಂದ ಧ್ವನಿ ಬಂತು. "ಸುವರ್ಣಾ, ಎಬ್ಬಿಸಿ ಕೂಡಸು ಬಾ."

ಕೂರಿಸಿದೆ. ಮೊಣಕೈ ಹಿಡಿದೆ. ಬಹಳ ದಿನಗಳ ಮೇಲೆ ಅವರು ಪೂಜೆಯನ್ನು ಅರ್ಧಕ್ಕೆ ಬಿಡದೆ ಮುಗಿಸಿದರು.

ಇನ್ನು ನೀಲವ್ವ. ನಮ್ಮ ಎದುರು ಮನೆಯಾಕೆ, ಕುರಿ ಕಾಯುವ ಮನೆತನ, ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಮೊಣಕಾಲು ಹಿಡಿದುಕೊಂಡು ಕೋಲೂರಿ ನಡೆಯುತ್ತಾಳೆ. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಅತ್ತೆಯ ಪೂಜೆ ಮುಗಿಯುವ ಹೊತ್ತಿಗೆ ಬಂದು ಕೈ ಒಡ್ಡುತ್ತಾಳೆ. ಅತ್ತೆ ಬಾಳೆಹಣ್ಣಿನ ತುಂಡನ್ನೋ ಎರಡು ಒಣದ್ರಾಕ್ಷಿಯನ್ನೋ ಅಂಗೈಗೆ ಹಾಕುತ್ತಾರೆ. ಹಂಚದೆ ತಾವೊಬ್ಬರೇ ಪ್ರಸಾದ ತಿಂದದ್ದು ಅವರ ಜನ್ಮದಲ್ಲಿಲ್ಲ. ಇದು ನಮಗೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ಯಾರ ತಲೆಗೂ ಹೊಳೆಯಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ತುತ್ತನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಉಂಡು ಬರುವ ಹಬ್ಬ. ನಾನು ಹೋಗುವುದಿಲ್ಲವೆಂದೆ. ಅತ್ತೆ ಬಿಡಲಿಲ್ಲ. "ಮನೀ ಸೊಸಿ ಚರಗಾ ಚೆಲ್ಲದಿದ್ರ ಭೂಮಿತಾಯಿ ಏನಂದಾಳು? ನೀಲಿ ಇರ್ತಾಳ ನನ್ನ ಕೂಡ. ಅಕಿಗೂ ನಡ್ಯಾಕ ಬರೂದಿಲ್ಲ, ನನಗೂ ಬರೂದಿಲ್ಲ. ಇಬ್ಬರೂ ಕುಂಟಿಯರು ಮನೀ ಕಾಯ್ತೇವಿ." ಮಧ್ಯಾಹ್ನದ ಗುಳಿಗೆಯನ್ನು ತಲೆಯ ಹತ್ತಿರ ತೆಗೆದಿಟ್ಟು, ತಪ್ಪಿ ಕೆಳಗೆ ಬಿದ್ದೀತೆಂದು ಇನ್ನೊಂದನ್ನೂ ಇಟ್ಟು ಹೋದೆ.

ಸಂಜೆಗೆ ಮುಂಚೆ ಬಂದು ನೋಡಿದರೆ ನೀಲವ್ವ ನಡುಮನೆಯಲ್ಲಿ ಅಡ್ಡ ಮಲಗಿದ್ದಾಳೆ. ಪಕ್ಕದಲ್ಲಿ ವಾಂತಿ. ಅತ್ತೆ ಮಂಚದ ಮೇಲೆ ಎದ್ದು ಕೂತು ಬೀಸಣಿಗೆ ಬೀಸುತ್ತಿದ್ದಾರೆ.

"ಏನಾತ್ರಿ ಅತ್ತಿ?"

"ಏನಿಲ್ಲ. ಮೊಣಕಾಲ ಭಾಳ ಹಿಡದೈತಿ ಅಂದ್ಲು. ಪ್ರಸಾದ ಕೊಟ್ಟೀನಿ. ಕಾರಿಕೊಂಡ್ಲು ಖರೆ, ಆದ್ರ ಈಗ ಎಷ್ಟ ಆರಾಮ ಮಲಗ್ಯಾಳ ನೋಡು."

ತಲೆಯ ಹತ್ತಿರ ನೋಡಿದೆ, ಎರಡೂ ಗುಳಿಗೆ ಇರಲಿಲ್ಲ. ನೀಲವ್ವನ ಮಗ ಮಾಳಪ್ಪ ಓಡಿಬಂದ. "ನಮ್ಮವ್ವಗ ಏನ ಕೊಟ್ರಿ ವೈನಿ? ಅದು ಸಾಯೂವವರ ಗುಳಗಿ ಅಲ್ಲೇನು?" ಎಂದು ಕೂಗಾಡಿದ. ನಾನು ರೇಣುಕಾಗೆ ಫೋನು ಹಚ್ಚಿದೆ. ಆಕೆ ಒಂದು ಮಾತೂ ಬೈಯಲಿಲ್ಲ. "ಒಂದ ಮಗ್ಗಲಾ ಮಾಡಿ ಮಲಗಿಸ್ರಿ. ಉಸಿರು ನೋಡಕೊಂಡ ಇರ್ರಿ. ಮಾತಾಡಸ್ರಿ, ನಿದ್ದಿ ಹತ್ತಗೊಡಬ್ಯಾಡ್ರಿ. ಗಾಡಿ ಮಾಡಿ ಈಗಿಂದೀಗ ಆಲಮೇಲ ದವಾಖಾನಿಗೆ ಒಯ್ರಿ, ನಾ ಅಲ್ಲಿಗೆ ಹೇಳ್ತೇನಿ." ಒಯ್ದೆವು. ದಾರಿಯುದ್ದಕ್ಕೂ ನಾನು ನೀಲವ್ವನ ಕೆನ್ನೆ ತಟ್ಟುತ್ತ, ಬಾಯಿಗೆ ಬಂದ ಶಿವನ ಹೆಸರೆಲ್ಲ ಹೇಳುತ್ತ ಹೋದೆ. ಆಲಮೇಲದಲ್ಲಿ ಅವಳನ್ನು ಮಲಗಿಸಿಕೊಂಡು ನೋಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಮಾಳಪ್ಪನ ಮುಖ ನೋಡಿ, "ಕುರಿ ಹೊಡಕೊಂಡು ಬಂದ್ಯಾ?" ಎಂದಳು.

ಮರುದಿನ ಡಾಕ್ಟರು ಮತ್ತು ರೇಣುಕಾ ಇಬ್ಬರೂ ಬಂದರು. ಡಾಕ್ಟರ ಮುಖ ಕಪ್ಪಿಟ್ಟಿತ್ತು. "ಈ ಗುಳಗಿ ತರಸಾಕ ನಾವು ಎಷ್ಟ ಮಂದಿ ಕೈಕಾಲು ಹಿಡದೇವಿ ಗೊತ್ತೇನ್ರಿ? ಒಬ್ಬರು ತಪ್ಪಿ ತಿಂದ್ರು ಅಂತ ಮ್ಯಾಲಿನವರಿಗೆ ಗೊತ್ತಾದ್ರ ಕೋಣೀನಽ ಬಂದ್ ಮಾಡ್ತಾರ. ನಿಮ್ಮ ಒಂದ ಮನಿ ಅಲ್ಲ, ನಾಲ್ಕೂ ತಾಲೂಕಿನವರ ಬ್ಯಾನಿ ಆ ಕಪಾಟಿನಾಗ ಐತಿ." ಉಳಿದ ಗುಳಿಗೆಗಳನ್ನು ಕೇಳಿ ಇಸಿದುಕೊಂಡು ಚೀಲದೊಳಗೆ ಹಾಕಿದರು. ಬಾಗಿಲಲ್ಲಿ ಮಾಳಪ್ಪ ನಿಂತಿದ್ದ. "ನಾ ಸುಮ್ನ ಬಿಡಾಂವಲ್ರಿ ಸಾಹೇಬ್ರ. ಅರ್ಜಿ ಕೊಡಾಂವಽ."

ಅತ್ತೆ ಕೈ ಮುಗಿದರು. "ತಪ್ಪಾತೋ ಅಪ್ಪಾ. ಪ್ರಸಾದ ಅಂತ ಹಂಚೀನಿ. ಗುಳಗಿ ಒಯ್ರಿ." ಹಾಗೆಂದವರೇ ಮಲಗಿ ಕಣ್ಣು ಮುಚ್ಚಿದರು. ಕರಡಿಗೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಮುಂಜಾನೆಯ ಗುಳಿಗೆಯ ಬಲ ಇಳಿಯುತ್ತಿತ್ತೆಂದು ಅವರ ಹುಬ್ಬು ನೋಡಿದರೇ ನನಗೆ ತಿಳಿಯುತ್ತಿತ್ತು. ಇನ್ನು ನಾಳೆಯ ಪೂಜೆ ಇಲ್ಲ, ನಾಡಿದ್ದಿನದೂ ಇಲ್ಲ ಎಂದುಕೊಂಡೆ.

ಆಗ ಅಂಗಳದಲ್ಲಿ ಕೋಲಿನ ಸಪ್ಪಳ. ನೀಲವ್ವ ಬಂದಳು. ಬಂದವಳೇ ಮಗನ ಬೆನ್ನಿಗೆ ಕೋಲಿನಿಂದ ತಿವಿದಳು.

"ಯಾರ ಮ್ಯಾಲ ಅರ್ಜಿ ಕೊಡ್ತಿಯೋ? ಅಕ್ಕ ನನ್ನ ಬಾಯಾಗ ತುರುಕಲಿಲ್ಲ. ನಾನಽ ಕೈ ಒಡ್ಡಿ ಇಸ್ಕೊಂಡೀನಿ. ಅರ್ಜಿ ಕೊಡೂದಾದ್ರ ನಿಮ್ಮವ್ವನ ಮ್ಯಾಲ ಕೊಡು!"

"ನೀ ಸತ್ತಿದ್ರ, ಯವ್ವಾ?"

"ಸತ್ತೀನೇನು? ಸತ್ತಾಕಿ ಬಂದು ನಿನ್ನ ಬಡಿಯಾಕತ್ತೀನೇನು?" ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಸಾಹೇಬ್ರ, ನಿಮ್ಮ ಗುಳಗಿ ನನಗ ಹೊಂದಲಿಲ್ಲ. ತಿರಿಗಿ ಮುಟ್ಟೂದಿಲ್ಲ, ನಮ್ಮ ಕುರಿ ಆಣಿ. ಆದ್ರ ನಮ್ಮ ಅಕ್ಕಗ ಹೊಂದೈತಿ. ಅಕಿದು ಕಸ್ಕೋಬ್ಯಾಡ್ರಿ. ಅಕಿ ಪೂಜಾ ನಿಂತ್ರ ಈ ಓಣ್ಯಾಗ ಯಾರಿಗೆ ಊಟಾ ಸೇರತೈತ್ರಿ?"

ರೇಣುಕಾ ಮೆಲ್ಲಗೆ "ಸರ್, ಆಯಿ ಹಂಚದಽ ಇರೂದಿಲ್ಲ. ಹಂಚಾಕ ಬ್ಯಾರೇದು ಕೊಡೂಣ್ರಿ" ಎಂದಳು. ನಾನು ಒಳಗೆ ಓಡಿ ಕಲ್ಲುಸಕ್ಕರೆಯ ಡಬ್ಬಿ ತಂದೆ. ಗುಳಿಗೆ ತೋರಿಸುವಾಗ ಪಕ್ಕದಲ್ಲಿ ಕಲ್ಲುಸಕ್ಕರೆಯೂ ಇರಬೇಕು. ಹಂಚುವುದು ಅದನ್ನು. ಗುಳಿಗೆ ಅತ್ತೆಯೊಬ್ಬರಿಗೇ. ಚಾವಿ ಹಾಕಿ ಇಡುವುದು ನಾನು, ಕೊಡುವುದೂ ನಾನು, ನುಂಗುವುದನ್ನು ಕಣ್ಣಾರೆ ನೋಡುವುದೂ ನಾನು. ಹೀಗೆಂದು ಮಾತಾಯಿತು.

"ಆಯಿ, ನಡೀತೈತೇನ್ರಿ?" ಎಂದು ಡಾಕ್ಟರು ಕೇಳಿದರು.

ಅತ್ತೆ ಕಣ್ಣು ತೆರೆದರು. "ಶಿವಾ ಏನ ಕೊಟ್ರೂ ಉಣ್ಣೂದು ನನ್ನ ಕೆಲಸ. ಯಾರಿಗೆ ಎಷ್ಟ ನೀಡಬೇಕಂತ ಇವತ್ತ ನೀವು ಹೇಳಿದ್ರಿ, ಆತು."

ಡಾಕ್ಟರಿಗೆ ನಗು ತಡೆಯಲಿಲ್ಲ. ಚೀಲ ತೆರೆದು ಗುಳಿಗೆಗಳನ್ನು ನನ್ನ ಕೈಗೆ ಕೊಟ್ಟರು. ಅವರು ಹೊರಟಾಗ ಚರಂಡಿಗೆ ಇಳಿದ ಜೀಪಿನ ಹಿಂದಿನ ಚಕ್ರವನ್ನು ಮಾಳಪ್ಪನೇ ಎತ್ತಿಕೊಟ್ಟ.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ನೀಲವ್ವ ಆ ಗುಳಿಗೆ ತಿಂದು ಬದುಕಿದ ಸುದ್ದಿ ಓಣಿ ದಾಟಿ, ಊರು ದಾಟಿ ಹೋಯಿತು. "ಸಾಯೂವವರ ಗುಳಗಿ" ತಿಂದವಳು ಮರುದಿನ ಕೋಲು ಹಿಡಿದು ಮಗನಿಗೆ ಬಡಿದಳಂತೆ ಎಂದು ಜನ ನಕ್ಕರು. ನಕ್ಕ ಜನ ಹೆದರುವುದನ್ನು ಬಿಟ್ಟರು. ಗಂಟಲಿನ ಗಡ್ಡೆಯ ಗಂಡಸು, ಬೆನ್ನೆಲುಬಿಗೆ ರೋಗ ಇಳಿದ ಹೆಂಗಸು, ಹೀಗೆ ಆ ಹಿಂದಿನ ಕೋಣೆಗೆ ಒಬ್ಬೊಬ್ಬರಾಗಿ ಬರತೊಡಗಿದರಂತೆ. ರೇಣುಕಾ ಬಂದಾಗ ಹೇಳುತ್ತಿದ್ದಳು. "ಅಕ್ಕಾರ, ನಾವು ಊರೂರು ಹೋಗಿ ತಿಳಿಸಿ ಹೇಳಿದ್ರೂ ಬರದ ಮಂದಿ ನೀಲವ್ವನ ಹೆಸರು ಹೇಳಿಕೊಂಡು ಬರಾಕತ್ತಾರ. ನಗಬೇಕೋ ಅಳಬೇಕೋ ತಿಳೀವಲ್ದು."

ಜೋಳದ ರಾಶಿಯ ಹೊತ್ತಿಗೆ ಅತ್ತೆಯ ಮೈ ಕರಗುತ್ತ ಬಂತು. ಊಟ ಚಮಚಕ್ಕೆ ಇಳಿಯಿತು. ಆದರೆ ನೋವಿನಿಂದ ಕೂಗಿದ್ದು ಮತ್ತೆ ನಾನು ಕೇಳಲಿಲ್ಲ. ಬಾತ ಎಡಗೈಯನ್ನು ಮೇಲ್ಮುಖವಾಗಿ ತಿಕ್ಕುವುದನ್ನು ರೇಣುಕಾ ಕಲಿಸಿದ್ದಳು. ದಿನಾ ತಿಕ್ಕುತ್ತಿದ್ದೆ. ಬಾವು ಇಳಿಯಲಿಲ್ಲ, ಬಿಗಿ ಸ್ವಲ್ಪ ಸಡಿಲಾಯಿತು. ಒಂದು ನಸುಕಿನಲ್ಲಿ ಎಂದಿನಂತೆ ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಮೊಣಕೈ ಕೆಳಗೆ ನನ್ನ ಕೈ ಕೊಟ್ಟೆ. ಅವರು ಕಣ್ಣು ತೆರೆಯದೆ ಹೇಳಿದರು:

"ಕೈ ಬಿಡು."

"ಬಿದ್ದೀತ್ರಿ ಅತ್ತಿ."

"ಬೀಳೂದಿಲ್ಲ. ಬಿಡವ್ವ, ನಾ ಹಿಡೀತೇನಿ."

ಬಿಟ್ಟೆ. ಬಿಟ್ಟರೂ ಒಂದು ಬೆರಳಷ್ಟು ಕೆಳಗೆ ನನ್ನ ಅಂಗೈ ಹಾಗೇ ಚಾಚಿಕೊಂಡಿದ್ದೆ. ಅವರ ಕೈ ಒಮ್ಮೆ ಇಳಿಯಿತು. ಮತ್ತೆ ತಾನೇ ಮೇಲೆದ್ದು ನಿಂತಿತು. ಬಲಗೈಯಿಂದ ತಾವೇ ವಿಭೂತಿ ಹಚ್ಚಿದರು, ತಾವೇ ಪತ್ರಿ ಏರಿಸಿದರು. ತುಟಿ ಅಲುಗುತ್ತಿತ್ತು, ಧ್ವನಿ ಇರಲಿಲ್ಲ. ಮುಗಿದ ಮೇಲೆ ಕಣ್ಣು ತೆರೆದು, ನಾನು ಇನ್ನೂ ಕೈ ಚಾಚಿಕೊಂಡೇ ಕೂತದ್ದನ್ನು ಕಂಡು, "ಎಷ್ಟ ಅಂಜುಬುರುಕಿ ಅದೀಯವ್ವ" ಎಂದು ನಕ್ಕರು. ಆಮೇಲೂ ಕೆಲವು ದಿನ ಹಾಗೇ ನಡೆಯಿತು. ನಾನು ಕೇಳಿಕೊಂಡದ್ದು ಒಂದು ದಿನ, ಶಿವ ಕೊಟ್ಟದ್ದು ಅದಕ್ಕಿಂತ ಹೆಚ್ಚು.

ಶಿವರಾತ್ರಿಗೆ ಸ್ವಲ್ಪ ಮುಂಚೆ, ಪೂಜೆ ಮುಗಿಸಿ ಮಲಗಿದವರು, ಮಧ್ಯಾಹ್ನ ನಿದ್ದೆಯಲ್ಲೇ ಹೋದರು. ನಾನು ಪಕ್ಕದಲ್ಲಿ ಕಾಳು ಆರಿಸುತ್ತ ಕೂತಿದ್ದೆ. ಯಾವಾಗ ಹೋದರೋ ನನಗೂ ತಿಳಿಯಲಿಲ್ಲ.

ಅತ್ತೆಯ ದಿನಕರ್ಮಗಳೆಲ್ಲ ಮುಗಿದ ಮೇಲೆ ರೇಣುಕಾ ಬಂದಳು. ಉಳಿದ ಗುಳಿಗೆಗಳನ್ನು ಅವಳಿಗೆ ಒಪ್ಪಿಸಿದೆ. ಕುಕ್ಕರಿನ ಹಬೆಯಲ್ಲಿಟ್ಟ ಬಟ್ಟೆಗಳು ಒಂದು ಡಬ್ಬಿ ತುಂಬ ಹಾಗೇ ಇದ್ದವು, ಅವನ್ನೂ ಕೊಟ್ಟೆ. "ಎಲ್ಲಿಗೆ ಹೊಂಟೀದಿ ಈಗ?" ಎಂದು ಕೇಳಿದೆ.

"ದೇವಣಗಾಂವಕ್ಕ ಹೊಂಟೇನ್ರಿ. ಅಲ್ಲೊಬ್ಬ ಮುತ್ಯಾ ಅದಾನ, ದವಡಿ ಹುಣ್ಣು. ಗುಳಗಿ ಮುಟ್ಟವಲ್ಲ. ನನ್ನ ಕೊಲ್ಲಾಕ ಬಂದೀರಿ ಅಂತ ಬಾಗಿಲಾ ಹಾಕ್ತಾನ."

ಅವಳನ್ನು ಕಳಿಸಲು ಅಂಗಳಕ್ಕೆ ಬಂದೆ. ಜೀಪಿನ ಮುಂದಿನ ಸೀಟಿನಲ್ಲಿ ನೀಲವ್ವ ಆಗಲೇ ಏರಿ ಕೂತಿದ್ದಳು. ಒಗೆದ ಇಳಕಲ್ಲ ಸೀರೆ, ಮೊಣಕಾಲ ನಡುವೆ ಕೋಲು. ಡ್ರೈವರ್ ಏನು ಮಾಡಬೇಕೆಂದು ತಿಳಿಯದೆ ಕೆಳಗೆ ನಿಂತಿದ್ದ.

"ಇಳೀ ಆಯಿ, ಇದು ಸರಕಾರಿ ಗಾಡಿ," ಎಂದಳು ರೇಣುಕಾ.

"ಮಾತು ಸಾಕು, ಹತ್ತು ನರ್ಸಬಾಯಿ," ಎಂದಳು ನೀಲವ್ವ. "ಆ ಮುದುಕಗ ನನ್ನ ಮುಖಾ ತೋರಿಸಿ ಬರೂಣು."